ಹುಳಿ ಹೆಚ್ಚಾದ್ರ ಎಂಜೈಮ್ ಯಾಕ ನಿಲ್ತದ? ಮನ್ಯಾಗ, ಲ್ಯಾಬ್‌ನ್ಯಾಗ ಮಾಡಿ ನೋಡೋ ಪದ್ಧತಿ

ಪರೀಕ್ಷಾ ಹತ್ರ ಬಂದಂಗ ಕಲಬುರಗಿ, ಸೇಡಂ, ಶಹಾಪುರ ಕಡಿ ಹುಡುಗ್ರಿಂದ ಎರಡ ಪ್ರಶ್ನೆ ಮ್ಯಾಲಿಂದ ಮ್ಯಾಲ ಬರ್ತಾವ. ಒಂದು, "ಮೇಡಂ, ಆಸಿಡ್‌ನ್ಯಾಗ ಎಂಜೈಮ್ ಕೆಡ್ತದ ಅಂತ ಓದ್ತೀವಿ, ಮತ್ತ ಹೊಟ್ಯಾಗೂ ಆಸಿಡ್ ಅದಲ್ರಿ, ಅಲ್ಲಿ ಹ್ಯಾಂಗ ಪಚನ ಆಗ್ತದ?" ಇನ್ನೊಂದು, "ನಿಂಬಿಹಣ್ಣು ಹಿಂಡಿ ಪ್ರಯೋಗ ಮಾಡಿದ್ರ ನೀಲಿ ಬಣ್ಣ ಬರಲೇ ಇಲ್ಲ, ಹಂಗಂದ್ರ ಹುಳ್ಯಾಗ ಎಂಜೈಮ್ ಇನ್ನಾ ಜೋರ ಕೆಲಸ ಮಾಡ್ತೇನ್ರಿ?" ಎರಡಕ್ಕೂ ಉತ್ತರ ಕೆಳಗ ಅದ, ಆದ್ರ ಇದು ಬರೇ ಓದಿದ್ರ ತಲ್ಯಾಗ ಕೂಡೋ ವಿಷಯ ಅಲ್ಲ, ಒಂದ್ಸಲ ಕೈಯಾರೆ ಮಾಡಬೇಕು, ಖರ್ಚು ಭಾಳ ಇಲ್ಲ, ಒಂದು ಮಧ್ಯಾಹ್ನ ಸಾಕು.

ಒಂದು ಮಾತು ಮೊದಲೇ ಹೇಳ್ತೀನಿ, ಯಾಕಂದ್ರ ಇಷ್ಟು ವರ್ಷ ಈ ಪ್ರಯೋಗ ಮಾಡಿಸಿ ನಾ ಕಂಡದ್ದು ಇದೇ. ಉತ್ತರ ತಪ್ಪು ಬಂದಾಗ ಎಲ್ಲಾರೂ ಎಂಜೈಮ್ ಮ್ಯಾಲ ಹಾಕ್ತಾರ, ಖರೇ ನೋಡಿದ್ರ ಬಹಳ ಸಲ ತಪ್ಪು ಇರೋದು ಅಯೋಡಿನ್‌ನ್ಯಾಗ. ಪಿಷ್ಟ (ಸ್ಟಾರ್ಚ್) ಇದ್ದಲ್ಲಿ ಅಯೋಡಿನ್ ಕಪ್ಪುನೀಲಿ ಆಗ್ತದ, ಎಂಜೈಮ್ ಪಿಷ್ಟ ಮುಗಿಸಿದ್ರ ಆ ನೀಲಿ ಬರಂಗಿಲ್ಲ, ನಮ್ಮ ಪರೀಕ್ಷಾ ಇದ್ರ ಮ್ಯಾಲೇ ನಿಂತದ. ನಿಂಬಿರಸ, ಸೋಡಾ ಬರೇ ಎಂಜೈಮಿಗೆ ಹತ್ತಂಗಿಲ್ಲ, ನಾವು ಪರೀಕ್ಷಾ ಮಾಡೋ ಅಯೋಡಿನ್‌ಗೂ ಹತ್ತತಾವ. ಇದನ್ನ ನೆನಪಿಟ್ಟು ಓದ್ರಿ.

ಮೊದಲು ನಾಕು ಶಬ್ದ ತಿಳ್ಕೊಳ್ರಿ

ಎಂಜೈಮ್ ಅಂದ್ರ ಕಿಣ್ವ, ಪುಸ್ತಕದಾಗ ಹಂಗ ಇರ್ತದ. ಇದೊಂದು ಪ್ರೋಟೀನು, ಒಂದು ರಾಸಾಯನಿಕ ಕೆಲಸ ಜಲ್ದಿ ಮಾಡಿಸ್ತದ, ತಾ ಮಾತ್ರ ಖರ್ಚಾಗಂಗಿಲ್ಲ. ನಮ್ಮ ಜೊಲ್ಲಿನಾಗ ಇರೋದಕ್ಕ ಅಮೈಲೇಸ್ ಅಂತಾರ, ಪಿಷ್ಟ, ಅಂದ್ರ ಅನ್ನ ರೊಟ್ಟಿ ಒಳಗಿನ ಸ್ಟಾರ್ಚ್, ಅದನ್ನ ತುಂಡು ಮಾಡಿ ಸಕ್ಕರಿ ಕಡಿ ಒಯ್ಯೋದು ಇದರ ಕೆಲಸ. ಕೂಸಿಗೆ ರವಾ ಗಂಜಿ ಉಣಿಸಿ ಎಂಜಲ ಚಮಚ ಬಟ್ಟಲದಾಗೇ ಬಿಟ್ರ ಸ್ವಲ್ಪ ಹೊತ್ತಿಗೆ ಗಂಜಿ ನೀರನೀರ ಆಗಿರ್ತದ, ಮನ್ಯಾಗ ತಾಯಂದ್ರು ನೋಡೇ ಇರ್ತಾರ. ಅದು ಅಮೈಲೇಸ್ ಕೆಲಸ.

ಪಿಎಚ್ ಅಂದ್ರ ಹುಳಿ ಎಷ್ಟು, ಕ್ಷಾರ ಎಷ್ಟು ಅಂತ ಹೇಳೋ ಅಳತಿ. 7 ಅಂದ್ರ ನಡುವಿಂದು, ಅದಕ್ಕ ಕೆಳಗ ಹೋದಂಗ ಹುಳಿ, ಮ್ಯಾಲ ಹೋದಂಗ ಕ್ಷಾರ, ಅಂದ್ರ ಸೋಡಾ ಸುಣ್ಣದ ಗುಣ. ಇಲ್ಲಿ ಒಂದು ಅಂಕಿ ಇಳಿದ್ರ ಹುಳಿ ಒಂದು ಪಾಲು ಅಲ್ಲ, ಹತ್ತು ಪಟ್ಟು ಹೆಚ್ಚು, 7ರಿಂದ 5ಕ್ಕ ಬಂದ್ರ ನೂರು ಪಟ್ಟು. ಈ ಅಳತಿ ಹುಟ್ಟಿದ್ದೇ ಎಂಜೈಮ್ ಸಲುವಾಗಿ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ, 1909ರಾಗ ಕೋಪನ್‌ಹೇಗನ್‌ದ ಕಾರ್ಲ್ಸ್‌ಬರ್ಗ್ ಲ್ಯಾಬ್‌ನ್ಯಾಗ ಸೋರೆನ್‌ಸನ್ ಅನ್ನೋ ವಿಜ್ಞಾನಿ ಎಂಜೈಮ್ ಅಭ್ಯಾಸ ಮಾಡುವಾಗ, ಹುಳಿ ಸ್ವಲ್ಪ ಹೆಚ್ಚುಕಡಿಮಿ ಆದ್ರೂ ಎಂಜೈಮ್ ವೇಗ ಬದಲಾಗ್ತದ, ಅದನ್ನ ಬರಿಯಾಕ ಸರಳ ಅಂಕಿ ಬೇಕು ಅಂತ ಇದನ್ನ ತಂದ್ರು.

ಬಫರ್ ಅಂದ್ರ ಸ್ವಲ್ಪ ಹುಳಿನೋ ಸೋಡಾನೋ ಬಿದ್ರೂ ಪಿಎಚ್ ಜಿಗಿಯದಂಗ ಹಿಡಿಯೋ ದ್ರಾವಣ. ಆಪ್ಟಿಮಮ್ ಅಂದ್ರ ಆ ಎಂಜೈಮ್ ಎಲ್ಲಕ್ಕಿಂತ ಜೋರ ಓಡೋ ಪಿಎಚ್.

ಏನೇನು ಬೇಕು

ಬಿಳಿ ವಿನೆಗರ್ (ನಮ್ಮ ಕಡಿ ಸಿರ್ಕಾ ಅಂದ್ರ ಅಂಗಡ್ಯಾಗ ಕೊಡ್ತಾರ, ಬಣ್ಣ ಇದ್ದದ್ದು ಬ್ಯಾಡ), ಅಡಗಿ ಸೋಡಾ, ಬಟ್ಟಿ ಒಗಿಯೋ ವಾಷಿಂಗ್ ಸೋಡಾ, ಕಾರ್ನ್‌ಫ್ಲೋರ್, ಚಿಟಿಕಿ ಉಪ್ಪು, ಅಯೋಡಿನ್ ಅಥವಾ ಮೆಡಿಕಲ್‌ನ್ಯಾಗ ಸಿಗೋ ಬೆಟಾಡಿನ್, ಪಿಎಚ್ ಪಟ್ಟಿ, ಸೂಜಿ ತಗದ 5 ಮಿ.ಲೀ. ಸಿರಿಂಜ್ ನಾಕೈದು, ಸಣ್ಣ ಗಾಜಿನ ಗಿಲಾಸು ಇಲ್ಲಾ ಟೆಸ್ಟ್‌ಟ್ಯೂಬು, ಥರ್ಮಾಮೀಟರ್, ಗಡಿಯಾರ. ಹನಿ ಪರೀಕ್ಷಾಕ್ಕ ಬಿಳಿ ಟೈಲ್ಸ್ ತುಂಡು ಇದ್ರ ಛಲೋ, ಇಲ್ಲಾಂದ್ರ ಖಾಲಿ ಆದ ಗುಳಗಿ ಪಟ್ಟಿ ತೊಗೊಂಡು ಅದರ ಕೆಳಗ ಬಿಳಿ ಹಾಳಿ ಇಡ್ರಿ, ಒಂದೊಂದು ಗುಂಡ್ಯಾಗ ಒಂದೊಂದು ಹನಿ ಬರೋಬರಿ ಕೂಡ್ತದ.

ನೀರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ಬೇಕು. ನಮ್ಮ ಭಾಗದಾಗ ನೆಲದ ಕೆಳಗ ಸುಣ್ಣಕಲ್ಲು, ಶಹಾಬಾದ್ ಫರಸಿ ಬರೋದು ಅಲ್ಲಿಂದೇ, ಸೇಡಂ ಕಡಿ ಸಿಮೆಂಟ್ ಕಾರ್ಖಾನಿ ಬಂದದ್ದೂ ಅದೇ ಕಲ್ಲಿನ ಸಲುವಾಗಿ. ಆ ಕಲ್ಲಿನಾಗ ಹಾದು ಬಂದ ಬೋರಿನ ನೀರು ಗಡಸು ಇರ್ತದ, ಅದ್ರಾಗ ಬೈಕಾರ್ಬೊನೇಟ್ ಕರಗಿರ್ತದ, ನೀವು ಅಳದು ಹಾಕಿದ ವಿನೆಗರ್‌ನ ಸ್ವಲ್ಪ ಅದೇ ನುಂಗಿಬಿಡ್ತದ. ಅದಕ್ಕ ಆರ್‌ಒ (RO) ಫಿಲ್ಟರ್ ನೀರು ಇಲ್ಲಾ ಡಿಸ್ಟಿಲ್ಡ್ ವಾಟರ್ ತೊಗೊಳ್ರಿ. ಬ್ಯಾಟರಿ ಅಂಗಡ್ಯಾಗ ಕೇಳೋದಾದ್ರ "ಬ್ಯಾಟರಿ ನೀರು" ಅಂತ ಸ್ಪಷ್ಟ ಹೇಳ್ರಿ, ಬಾಜೂಕ ಬ್ಯಾಟರಿ ಆಸಿಡ್ ಕ್ಯಾನೂ ಇರ್ತದ, ಅದು ಗಂಧಕಾಮ್ಲ, ಕೈ ಕಣ್ಣು ಸುಡ್ತದ. ಸಂಡಾಸ ತೊಳಿಯೋ ಆಸಿಡ್ ಕೂಡ ಈ ಪ್ರಯೋಗಕ್ಕ ಬೇಕೇ ಇಲ್ಲ, ಮಕ್ಕಳ ಕೈಗೆ ಕೊಡಲೇಬ್ಯಾಡ್ರಿ.

ನಿಂಬಿಹಣ್ಣು ಯಾಕ ಬ್ಯಾಡ ಅಂದ್ರ ಅದ್ರಾಗ ವಿಟಮಿನ್ ಸಿ ಅದ, ಅದು ಅಯೋಡಿನ್ ಬಣ್ಣನೇ ತಗದುಬಿಡ್ತದ. ಪಿಷ್ಟ ಅಲ್ಲೇ ಇರ್ತದ, ಅದನ್ನ ತೋರಿಸಬೇಕಾದ ಅಯೋಡಿನ್ ಇರಂಗಿಲ್ಲ, ನೀಲಿ ಎಲ್ಲಿಂದ ಬರ್ಬೇಕು? ಮೊದಲನೇ ಸಾಲಿನಾಗ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಇದೇ. ನಂಬಿಕಿ ಬರಲಿಲ್ಲಾಂದ್ರ ಒಂದು ಹನಿ ಅಯೋಡಿನ್ ಮ್ಯಾಲ ಬರೇ ನಿಂಬಿರಸ ಹಿಂಡಿ ನೋಡ್ರಿ, ಎಂಜೈಮ್ ಇಲ್ಲ, ಪಿಷ್ಟ ಇಲ್ಲ, ಆದ್ರೂ ಕಂದು ಬಣ್ಣ ಕಣ್ಣಮುಂದೇ ಹೋಗ್ತದ. ಸಿಟ್ರಿಕ್ ಆಸಿಡ್ ಪುಡಿ ಹಾಕಿದ್ರ ಈ ತೊಂದ್ರಿ ಇಲ್ಲ, ಆದ್ರ ಅಮೈಲೇಸ್ ತನ್ನ ಆಕಾರ ಹಿಡಿಯಾಕ ಒಂದು ಕ್ಯಾಲ್ಸಿಯಂ ಅಯಾನ್ ಇಟ್ಕೊಂಡಿರ್ತದ, ಸಿಟ್ರೇಟ್ ಕ್ಯಾಲ್ಸಿಯಂ ಹಿಡಿಯೋ ವಸ್ತು, ಅದಕ್ಕ ನಾ ವಿನೆಗರ್‌ನೇ ಹೇಳೋದು.

ಇನ್ನ ಕೆಲಸ ಶುರು ಮಾಡ್ರಿ

1. ಐದು ದ್ರಾವಣ. 10 ಮಿ.ಲೀ. ವಿನೆಗರ್‌ಗೆ 90 ಮಿ.ಲೀ. ನೀರು ಹಾಕ್ರಿ, ಇಂಥದ್ದು ಮೂರು ಗಿಲಾಸು. ಮೊದಲನೇದು ಹಂಗೇ ಇರ್ಲಿ, ಪಟ್ಟಿ 3ರ ಆಸುಪಾಸು ತೋರಿಸ್ತದ. ಎರಡನೇದಕ್ಕ ಅಡಗಿ ಸೋಡಾ ಚಿಟಿಕಿ ಚಿಟಿಕಿ ಹಾಕ್ಕೋತ 5ಕ್ಕ ತರ್ರಿ, ಮೂರನೇದನ್ನ 7ಕ್ಕ. ನಾಕನೇದು ಬರೇ ಅಡಗಿ ಸೋಡಾ, 100 ಮಿ.ಲೀ. ನೀರಿಗೆ ಅರ್ಧ ಟೀ ಚಮಚ, ಇದು 8ಕ್ಕಿಂತ ಜರಾ ಮ್ಯಾಲ. ಐದನೇದು ವಾಷಿಂಗ್ ಸೋಡಾ ಕಾಲು ಚಮಚ, ಇದು 10 ದಾಟ್ತದ, ಕಣ್ಣಿಗೆ ಸಿಡೀದಂಗ ನೋಡ್ಕೊಳ್ರಿ. ಇಲ್ಲಿ ಅವಸರ ಮಾಡಿದ್ರ ಕೆಡ್ತದ, ಸೋಡಾ ಹಾಕಿದಾಗ ಬುರುಗು ಬರ್ತದಲ್ಲ, ಆ ಗ್ಯಾಸ್ ಪುರಾ ಹೋಗೋತನಕ ಪಿಎಚ್ ನಿಲ್ಲಂಗಿಲ್ಲ, ನಿಧಾನಕ್ಕ ಮ್ಯಾಲ ಏರ್ತಾ ಇರ್ತದ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಪಟ್ಟಿ ಅದ್ದಿ ನೋಡ್ರಿ, ಸರಿ ಇದ್ರ ಗಿಲಾಸಿನ ಮ್ಯಾಲ ನಂಬರ್ ಬರೀರಿ. ಪಟ್ಟಿ ಸಿಗದಿದ್ರ ಅರಿಶಿಣ, ದಾಸವಾಳ ರಸದಾಗ ನೋಡಬಹುದಾ ಅಂತ ಕೇಳ್ತೀರಿ, ಹುಳಿನೋ ಕ್ಷಾರನೋ ಅಂತ ಅಂದಾಜು ಹೇಳ್ತಾವ, ಅಂಕಿ ಹೇಳಂಗಿಲ್ಲ, ಇಲ್ಲಿ ನಮಗ ಅಂಕಿ ಬೇಕು.

2. ಪಿಷ್ಟದ ದ್ರಾವಣ. ಟೀ ಚಮಚದ ಮೂರನೇ ಒಂದು ಪಾಲು ಕಾರ್ನ್‌ಫ್ಲೋರ್, ಅಂದಾಜು 1 ಗ್ರಾಂ, ಸ್ವಲ್ಪ ತಣ್ಣೀರಾಗ ಕಲಸಿ, ಕುದಿಯೋ ನೀರಿಗೆ ಹಾಕಿ ತಿರುವ್ರಿ, ಒಟ್ಟು 100 ಮಿ.ಲೀ. ಆಗ್ಲಿ. ಚಿಟಿಕಿ ಉಪ್ಪು ಹಾಕ್ರಿ, ಇದು ರುಚಿಗೆ ಅಲ್ಲ, ಅಮೈಲೇಸ್ ಬರೋಬರಿ ಓಡ್ಬೇಕಾದ್ರ ಕ್ಲೋರೈಡ್ ಬೇಕು. ಪುರಾ ತಣ್ಣಗ ಆದ ಮ್ಯಾಲೇ ಬಳಸ್ರಿ, ಬಿಸಿ ಗಂಜಿಗೆ ಜೊಲ್ಲು ಹಾಕಿದ್ರ ಪಿಎಚ್ ನೋಡೋ ಮೊದಲೇ ಶಾಖಕ್ಕ ಎಂಜೈಮ್ ಕೆಟ್ಟಿರ್ತದ.

3. ಎಂಜೈಮ್. ಬಾಯಿ ಎರಡ್ಮೂರು ಸಲ ಮುಕ್ಕಳಿಸಿ, ಐದು ನಿಮಿಷ ಬಿಟ್ಟು ಶುದ್ಧ ಗಿಲಾಸಿನಾಗ 2 ಮಿ.ಲೀ. ಜೊಲ್ಲು ತೊಗೊಳ್ರಿ, 18 ಮಿ.ಲೀ. ನೀರು ಕೂಡಸ್ರಿ. ಎಲಿ ಅಡಕಿ ಸುಣ್ಣ ಹಾಕ್ಕೊಂಡ ಬಾಯಿ ಆಗಂಗಿಲ್ಲ, ಸುಣ್ಣ ಕ್ಷಾರ, ಲೆಕ್ಕ ಅಲ್ಲೇ ತಪ್ತದ. ಅವರವರ ಜೊಲ್ಲು ಅವರವರೇ ಮುಟ್ಟಬೇಕು, ಒಬ್ಬರದು ಒಬ್ಬರಿಗೆ ಬ್ಯಾಡ, ಬಾಯಿಂದ ಪಿಪೆಟ್ ಎಳಿಯೋದಂತೂ ಬ್ಯಾಡೇ ಬ್ಯಾಡ. ಒಬ್ಬೊಬ್ಬರ ಜೊಲ್ಲಿನಾಗ ಅಮೈಲೇಸ್ ಬ್ಯಾರೆ ಬ್ಯಾರೆ ಪ್ರಮಾಣ ಇರ್ತದ, ಅದಕ್ಕ ಒಂದು ಸೆಟ್ ಪುರಾ ಒಬ್ಬರದ್ರಾಗೇ ಮಾಡ್ರಿ, ನಡುವ ಬದಲಿಸಬ್ಯಾಡ್ರಿ.

4. ಒಂದು ಟ್ರಯಲ್. ಇದನ್ನ ಬಿಟ್ಟೇ ಬಿಡ್ತಾರ, ಆಮ್ಯಾಲ ಪರದಾಡ್ತಾರ. 7ರ ದ್ರಾವಣ 2 ಮಿ.ಲೀ., ಪಿಷ್ಟ 2 ಮಿ.ಲೀ., ಜೊಲ್ಲು ನೀರು 1 ಮಿ.ಲೀ. ಸೇರಿಸಿ ಎಷ್ಟೊತ್ತಿಗೆ ಪಿಷ್ಟ ಹೋಗ್ತದ ನೋಡ್ರಿ. ಒಂದು ನಿಮಿಷದಾಗೇ ಮುಗಿದ್ರ ಜೊಲ್ಲು ಇನ್ನಾ ತೆಳು ಮಾಡ್ರಿ, ಹದಿನೈದು ನಿಮಿಷ ಆದ್ರೂ ಮುಗಿಲಿಲ್ಲಾಂದ್ರ ದಪ್ಪ ಮಾಡ್ರಿ. ಮೂರರಿಂದ ಎಂಟು ನಿಮಿಷದ ನಡುವ ಬಂದ್ರ ಮುಂದಿನ ಹೋಲಿಕಿ ಚಂದ ಕಾಣ್ತದ.

5. ಶಾಖ ಒಂದೇ ಇರ್ಲಿ. ಎಲ್ಲಾ ಟ್ಯೂಬು ಒಂದೇ ಬೋಗಾಣ್ಯಾಗ, 37 ಡಿಗ್ರಿ ನೀರಾಗ ನಿಲ್ಲಸ್ರಿ. ಏಪ್ರಿಲ್ ಮೇದಾಗ ನಮ್ಮ ಟ್ಯಾಂಕಿ ನೀರು ಮಧ್ಯಾಹ್ನ ಅದಕ್ಕಿಂತ ಬಿಸಿ ಬರ್ತದ, ಥರ್ಮಾಮೀಟರ್ ಇಡದೇ ಬೆರಳಿಂದ ಅಂದಾಜು ಮಾಡಬ್ಯಾಡ್ರಿ, ಬೀದರ್‌ನವರು ಚಳಿಗಾಲದಾಗ ಮಾಡೋದಾದ್ರ ನಡನಡುವ ಬಿಸಿನೀರು ಕೂಡಸಬೇಕಾಗ್ತದ. ಶಾಖ ಬದಲಾದ್ರ ವೇಗ ಬದಲಾಗ್ತದ, ಆಮ್ಯಾಲ ಅದು ಪಿಎಚ್‌ನಿಂದ ಆಯ್ತೋ ಬಿಸಿಯಿಂದ ಆಯ್ತೋ ಯಾರಿಗೂ ಹೇಳಾಕ ಬರಂಗಿಲ್ಲ.

6. ಅಸಲಿ ಪ್ರಯೋಗ. ಐದೂ ಟ್ಯೂಬಿಗೆ ಅದರದರ ದ್ರಾವಣ 2 ಮಿ.ಲೀ., ಪಿಷ್ಟ 2 ಮಿ.ಲೀ. ಹಾಕಿ ಐದು ನಿಮಿಷ ಬೋಗಾಣ್ಯಾಗ ಬಿಡ್ರಿ. ಜೊಲ್ಲು ಯಾವಾಗ್ಲೂ ಕಡೀಕ, ಹಾಕಿದ ಕ್ಷಣದಿಂದ ಟೈಮ್ ಶುರು. ಐದಕ್ಕೂ ಒಮ್ಮೆಲೇ ಹಾಕಾಕ ಹೋದ್ರ ಕೈ ಸಾಲಂಗಿಲ್ಲ, ಒಂದೊಂದಕ್ಕ ಅರ್ಧ ಅರ್ಧ ನಿಮಿಷ ಬಿಟ್ಟು ಹಾಕ್ರಿ, ಹನಿ ತಗಿಯುವಾಗೂ ಅದೇ ಅಂತರ ಹಿಡೀರಿ. ಇವುಗಳ ಜೋಡಿ ಕಂಟ್ರೋಲ್ ಬೇಕು, ಅಂದ್ರ ಹೋಲಿಸಿ ನೋಡೋ ಟ್ಯೂಬು: ಪ್ರತಿ ಪಿಎಚ್‌ಗೂ ಜೊಲ್ಲಿನ ಬದಲಿ ಬರೇ ನೀರು ಹಾಕಿದ್ದು ಒಂದೊಂದು, ಮತ್ತ 7ರ ದ್ರಾವಣದಾಗ ಕುದಿಸಿ ಆರಿಸಿದ ಜೊಲ್ಲು ಹಾಕಿದ್ದು ಒಂದು. ಟ್ಯೂಬು ಹೆಚ್ಚಾದ್ವು ಅಂತ ಇವನ್ನ ಬಿಡಬ್ಯಾಡ್ರಿ, ಅಯೋಡಿನ್ ನಮಗ ಸುಳ್ಳು ಹೇಳಿದ್ರ ಅದನ್ನ ಹಿಡಿದು ಕೊಡೋದು ಈ ನೀರಿನ ಟ್ಯೂಬುಗಳೇ. ಎಲ್ಲಾ ಕೂಡಿಸಿದ ಮ್ಯಾಲ ಒಂದೊಂದ್ರಾಗ ಪಟ್ಟಿ ಅದ್ದಿ ಖರೇ ಪಿಎಚ್ ಎಷ್ಟು ಬಂತು ಬರೀರಿ, ಪಿಷ್ಟ ಜೊಲ್ಲು ಕೂಡಿದಾಗ ಸ್ವಲ್ಪ ಸರಿದಿರ್ತದ, ಗ್ರಾಫ್‌ನ್ಯಾಗ ಆ ಅಂಕಿನೇ ಹಾಕ್ಬೇಕು.

7. ಹನಿ ಪರೀಕ್ಷಾ. ಗುಳಗಿ ಪಟ್ಟಿ ಗುಂಡ್ಯಾಗ ಒಂದೊಂದು ಹನಿ ತೆಳು ಅಯೋಡಿನ್ ಇಟ್ಟಿರ್ರಿ. ನಿಮಿಷಕ್ಕೊಮ್ಮೆ ಟ್ಯೂಬಿಂದ ಒಂದು ಹನಿ ತಗದು ಅದ್ರಾಗ ಬಿಡ್ರಿ. 7ರ ಟ್ಯೂಬಿಂದು ಕಣ್ಣು ಹತ್ರ ತಂದು ನೋಡ್ರಿ, ಮೊದಲ ಹನಿ ಬಿದ್ದ ಕೂಡ್ಲೆ ಶಾಯಿ ಚೆಲ್ಲಿದಂಗ ಕಪ್ಪುನೀಲಿ, ಮುಂದ ನೇರಳಿ, ಆಮ್ಯಾಲ ಬೆಲ್ಲದ ಪಾಕದಂಗ ಕೆಂಪುಗಂದು, ಕಡೀಕ ಬರೇ ಅಯೋಡಿನ್‌ದೇ ಹಳದಿಗಂದು ಉಳೀತದ. ನಡುವಿನ ಆ ಕೆಂಪುಗಂದು ಅಂದ್ರ ಪಿಷ್ಟ ಅರ್ಧ ತುಂಡಾಗಿ ಡೆಕ್ಸ್‌ಟ್ರಿನ್ ಆಗಿರ್ತದ, ಇನ್ನಾ ಮುಗಿದಿಲ್ಲ, ನಿಲ್ಲಸಬ್ಯಾಡ್ರಿ. ಹಳದಿಗಂದು ಬಂದು ಮುಂದಿನ ಹನಿಗೂ ಹಂಗೇ ಉಳಿದ್ರ ಆ ಟೈಮ್ ಬರ್ಕೊಳ್ರಿ.

ಈಗ ಎಲ್ಲಾಕ್ಕಿಂತ ದೊಡ್ಡ ಮೋಸ ಎಲ್ಲದ ಅಂತ ಹೇಳ್ತೀನಿ. ವಾಷಿಂಗ್ ಸೋಡಾ ಟ್ಯೂಬಿನ ಹನಿ ಅಯೋಡಿನ್‌ಗೆ ಬಿಟ್ರ ನೀಲಿನೂ ಬರಂಗಿಲ್ಲ, ಕಂದೂ ಉಳಿಯಂಗಿಲ್ಲ, ನೀರಿನಂಗ ಬೆಳ್ಳಗ ಆಗ್ತದ. ಹುಡುಗ್ರು ಖುಷಿಯಿಂದ "ಪಿಷ್ಟ ಖಲಾಸ್, 10ರಾಗ ಎಲ್ಲಕ್ಕಿಂತ ಜೋರ" ಅಂತ ಬರೀತಾರ. ಅಲ್ಲಾ, ಕ್ಷಾರದಾಗ ಅಯೋಡಿನ್ ಬ್ಯಾರೆ ವಸ್ತು ಆಗಿಬಿಡ್ತದ, ಅದಕ್ಕ ಪಿಷ್ಟ ತೋರಿಸೋ ಗುಣನೇ ಹೋಗಿರ್ತದ. ಪಿಷ್ಟ ನಿಜಕ್ಕ ಮುಗಿದ್ರ ಅಯೋಡಿನ್‌ದ ಹಳದಿಗಂದು ಕಾಣಲೇಬೇಕು, ಬಣ್ಣನೇ ಇಲ್ಲಾಂದ್ರ ಅಲ್ಲಿ ಅಯೋಡಿನ್ನೇ ಇಲ್ಲ ಅಂತ ತಿಳೀರಿ. ಉಪಾಯ ಸರಳ, ಸೋಡಾ ಟ್ಯೂಬುಗಳ ಸಲುವಾಗಿ ಗುಂಡ್ಯಾಗ ಅಯೋಡಿನ್ ಜೋಡಿ ಎರಡು ಹನಿ ನೀರು ಕೂಡಸದ ವಿನೆಗರ್ ಮೊದಲೇ ಹಾಕಿಡ್ರಿ, ಆಮ್ಯಾಲ ಟ್ಯೂಬಿನ ಹನಿ ಬಿಡ್ರಿ, ಕಪ್ಪುನೀಲಿ ಥಟ್ಟನೆ ಬರ್ತದ, ಪಿಷ್ಟ ಇಷ್ಟೊತ್ತು ಅಲ್ಲೇ ಇತ್ತು. ಹೋಲಿಕಿ ನ್ಯಾಯ ಆಗ್ಬೇಕಾದ್ರ ಎಲ್ಲಾ ಟ್ಯೂಬಿಗೂ ಹಿಂಗೇ ಮಾಡೋದು ಛಲೋ.

8. ಲೆಕ್ಕ. ಟೈಮ್ ಕಡಿಮಿ ಅಂದ್ರ ವೇಗ ಹೆಚ್ಚು, ಅದಕ್ಕ 1ನ್ನ ನಿಮಿಷದಿಂದ ಭಾಗಿಸ್ರಿ. ಲೆಕ್ಕಕ್ಕ ಉದಾಹರಣೆ, 4 ನಿಮಿಷ ಹಿಡಿದ್ರ 0.25, 8 ನಿಮಿಷ ಹಿಡಿದ್ರ 0.125. ಇಪ್ಪತ್ತು ನಿಮಿಷ ಕಾದ್ರೂ ನೀಲಿ ಹೋಗಲಿಲ್ಲಾಂದ್ರ "20 ನಿಮಿಷದಾಗ ಮುಗಿಲಿಲ್ಲ" ಅಂತ ಬರೀರಿ, ಸೊನ್ನಿ ಅಂತ ಬರಿಯಬ್ಯಾಡ್ರಿ, ನಿಧಾನ ಬ್ಯಾರೆ, ಪುರಾ ನಿಂತದ್ದು ಬ್ಯಾರೆ. ಅಡ್ಡಕ್ಕ ಪಿಎಚ್, ಮ್ಯಾಲಕ್ಕ ವೇಗ ಹಾಕಿ ಚುಕ್ಕಿ ಇಟ್ರ ನಡುವ ಎತ್ತರ, ಎರಡೂ ಕಡಿ ಇಳಿಜಾರು ಬರ್ತದ. ಜೊಲ್ಲಿನ ಅಮೈಲೇಸ್‌ದು ತುದಿ 7ರ ಹತ್ತಿರ, ಜರಾ ಕೆಳಗ. ನಿಮ್ಮ ಹತ್ರ ಐದೇ ಚುಕ್ಕಿ ಇರೋದ್ರಿಂದ "ಆಪ್ಟಿಮಮ್ ಸರಿಯಾಗಿ 7" ಅಂತ ಹಟ ಮಾಡಬ್ಯಾಡ್ರಿ, ಪುರಸೊತ್ತು ಇದ್ರ 6, 6.5 ಮಾಡಿ ನೋಡ್ರಿ.

ಗುಡ್ಡದಂಗ ಯಾಕ ಬರ್ತದ

ಎಂಜೈಮ್ ಒಂದು ಉದ್ದನೆಯ ದಾರ ಮಡಚಿ ಗಂಟು ಮಾಡಿದಂಗ ಇರ್ತದ, ಆ ಗಂಟಿನಾಗ ಒಂದು ಸಂದಿ, ಪಿಷ್ಟ ಬಂದು ಕೂಡೋದು ಅಲ್ಲಿ, ಅದಕ್ಕ ಆಕ್ಟಿವ್ ಸೈಟ್ ಅಂತಾರ. ಅಮೈಲೇಸ್ ಸಂದ್ಯಾಗ ಕೆಲಸ ಮಾಡೋ ಮುಖ್ಯ ಕೈ ಎರಡು ಅನ್ಕೊಳ್ರಿ. ಎರಡೂ ಆ ದಾರದಾಗಿನ ಅಮೈನೋ ಆಸಿಡ್‌ಗಳು, ಅಂದ್ರ ಪ್ರೋಟೀನು ಕಟ್ಟೋ ಮಣಿಗಳು. ಒಂದು ಗ್ಲುಟಾಮಿಕ್ ಆಸಿಡ್‌ದು, ಅದ್ರಾಗ ಒಂದು ಪ್ರೋಟಾನ್, ಅಂದ್ರ ಹೈಡ್ರೋಜನ್ ಅಯಾನ್, ಹಿಡ್ಕೊಂಡಿರಬೇಕು, ಪಿಷ್ಟದ ಕೊಂಡಿಗೆ ಕೊಡಾಕ. ಇನ್ನೊಂದು ಆಸ್ಪಾರ್ಟಿಕ್ ಆಸಿಡ್‌ದು, ಅದು ಖಾಲಿ ಇರಬೇಕು, ಕೊಂಡಿಗೆ ಕೈ ಹಾಕಾಕ. ಹುಳಿ ಹೆಚ್ಚಾದ್ರ ಸುತ್ತಲೂ ಪ್ರೋಟಾನ್ ತುಂಬಿ ಖಾಲಿ ಇರಬೇಕಾದ ಕೈಗೂ ಬಂದು ಕೂಡ್ತಾವ, ಕ್ಷಾರ ಹೆಚ್ಚಾದ್ರ ಹಿಡ್ಕೊಂಡಿರಬೇಕಾದ ಕೈಯಿಂದ ಕಸಗೊಂಡು ಹೋಗ್ತದ. ಎರಡೂ ಕೈ ಸರಿ ಇರೋ ಪಿಎಚ್ ನಡುವಷ್ಟೇ ಸಿಗ್ತದ, ಅದಕ್ಕ ಗುಡ್ಡ.

ಅದರಾಚೆ ಇನ್ನೊಂದು ಹಂತ ಅದ. ದಾರ ಮಡಚಿಕೊಂಡು ನಿಲ್ಲೋದ್ರಾಗ ಕೂಡು ಕಳಿ (+, −) ಚಾರ್ಜುಗಳ ಎಳೆತದ್ದೂ ಪಾಲು ಅದ, ಪಿಎಚ್ ಭಾಳ ದೂರ ಹೋದ್ರ ಆ ಚಾರ್ಜುಗಳೇ ಬದಲಾಗಿ ಗಂಟೇ ಬಿಚ್ಚತದ, ಇದಕ್ಕ ಡಿನೇಚರ್ ಆಗೋದು ಅಂತಾರ. ಎಂಜೈಮ್ "ಸಾಯ್ತದ" ಅಂತ ಬರಿಯಬ್ಯಾಡ್ರಿ, ಅದು ಜೀವ ಇದ್ದದ್ದಲ್ಲ.

ಹೊಟ್ಟೆ ಪ್ರಶ್ನೆ ಈಗ ಸುಲಭ. ಹೊಟ್ಯಾಗ ಪ್ರೋಟೀನು ಕತ್ತರಿಸೋದು ಪೆಪ್ಸಿನ್, ಅದರ ಸಂದ್ಯಾಗ ಆಸ್ಪಾರ್ಟಿಕ್ ಕೈ ಎರಡು, ಅವು ಸರಿಯಾದ ಸ್ಥಿತಿಗೆ ಬರೋದೇ ಗಟ್ಟಿ ಹುಳ್ಯಾಗ, ಅದಕ್ಕ ಪಿಎಚ್ 2ರ ಸುತ್ತ ಅದು ಜೋರ ಓಡ್ತದ, 7ಕ್ಕ ಬಂದ್ರ ಸುಮ್ಮನ ಆಗ್ತದ. ಮುಂದ ಸಣ್ಣ ಕರುಳಿಗೆ ಹೋದಾಗ ಮೇದೋಜೀರಕ ಗ್ರಂಥಿ ಬೈಕಾರ್ಬೊನೇಟ್ ಸುರಿದು ಹುಳಿ ಮುರೀತದ, ಅಲ್ಲಿ ಪ್ರೋಟೀನು ಕತ್ತರಿಸೋ ಇನ್ನೊಂದು ಎಂಜೈಮ್, ಟ್ರಿಪ್ಸಿನ್, 8ರ ಹತ್ರ ಕೆಲಸ ಹಿಡೀತದ. ನುಂಗಿದ ಜೊಲ್ಲಿನ ಅಮೈಲೇಸ್ ಹೊಟ್ಟಿ ಹುಳಿ ಕೂಡಿದ ಮ್ಯಾಲ ನಿಲ್ತದ, ಪಿಷ್ಟದ ಉಳಿದ ಕೆಲಸ ಕರುಳಿನಾಗ ಮೇದೋಜೀರಕದ ಅಮೈಲೇಸ್ ಮಾಡ್ತದ. ಹಂಗಾಗಿ "ಎಂಜೈಮಿಗೆ ಆಸಿಡ್ ಆಗಂಗಿಲ್ಲ" ಅನ್ನೋ ವಾಕ್ಯನೇ ಅರ್ಧ, ಯಾವ ಎಂಜೈಮು ಅಂತ ಹೇಳಿದ ಮ್ಯಾಲೇ ಅದು ಪುರಾ ಆಗೋದು.

9. ನಿಂತದ್ದು ಮತ್ತ ಎದ್ದೀತಾ? ಶಾಲ್ಯಾಗ ಇದನ್ನ ಮಾಡಿಸೋರು ಕಡಿಮಿ, ನನಗ ಮಾತ್ರ ಎಲ್ಲಾಕ್ಕಿಂತ ಇಷ್ಟದ ಹಂತ ಇದು. ಮೂರು ಟ್ಯೂಬಿಗೆ ಜೊಲ್ಲು ನೀರು 1 ಮಿ.ಲೀ. ಹಾಕ್ರಿ, ಪಿಷ್ಟ ಈಗ ಬ್ಯಾಡ. ಒಂದಕ್ಕ 3ರ ದ್ರಾವಣ 1 ಮಿ.ಲೀ., ಇನ್ನೊಂದಕ್ಕ 5ರದು, ಮತ್ತೊಂದಕ್ಕ 7ರದು. ಇಪ್ಪತ್ತು ನಿಮಿಷ ಬೋಗಾಣ್ಯಾಗ ಬಿಡ್ರಿ. ಆಮ್ಯಾಲ ಅಡಗಿ ಸೋಡಾ ನೀರು ಹನಿ ಹನಿ ಬಿಟ್ಟು ಮೊದಲ ಎರಡನ್ನೂ 7ಕ್ಕ ತರ್ರಿ, ಎಷ್ಟು ಹನಿ ಹಿಡೀತು ಎಣಿಸಿ, ಮೂರೂ ಟ್ಯೂಬು ಒಟ್ಟು ಅಳತಿ ಒಂದೇ ಆಗೋಹಂಗ ಕಡಿಮಿ ಇದ್ದದ್ದಕ್ಕ ನೀರು ಕೂಡಸ್ರಿ, ಇಲ್ಲಾಂದ್ರ ತೆಳು ಆದದ್ದಕ್ಕೇ ನಿಧಾನ ಆಯ್ತು ಅಂತ ಅನುಮಾನ ಉಳೀತದ. ಈಗ ಪಿಷ್ಟ 2 ಮಿ.ಲೀ. ಹಾಕಿ ಹನಿ ಪರೀಕ್ಷಾ ಶುರು ಮಾಡ್ರಿ. 5ರಾಗ ಇದ್ದದ್ದು 7ರದರ ಹತ್ತಿರ ಹತ್ತಿರ ಓಡ್ತದ, ಅದರ ಕೈ ಅಷ್ಟೇ ಕಟ್ಟಿತ್ತು, ಬಿಚ್ಚಿದ ಕೂಡ್ಲೆ ಎದ್ದದ. 3ರಾಗ ಇದ್ದದ್ದು ಪಿಎಚ್ 7ಕ್ಕ ಬಂದ ಮ್ಯಾಲೂ ಹನಿ ಮ್ಯಾಲ ಹನಿ ಕಪ್ಪುನೀಲಿನೇ ತೋರಿಸ್ತದ, ಅದರ ಗಂಟು ಬಿಚ್ಚಿ ಹೋಗಿರ್ತದ. ಎರಡೂ ಗುಂಡಿ ಅಕ್ಕಪಕ್ಕ ಇಟ್ಟು ನೋಡಿದ ಹುಡುಗ್ರಿಗೆ ನಿಧಾನ ಆಗೋದು ಮತ್ತ ಡಿನೇಚರ್ ಆಗೋದರ ಫರಕು ಮತ್ತೊಮ್ಮೆ ಹೇಳಬೇಕಾಗಿ ಬರಲಿಲ್ಲ.

ಕಡೀಕ ಸ್ವಚ್ಛತಾ. ಜೊಲ್ಲು ಇದ್ದ ಗಿಲಾಸು, ಸಿರಿಂಜು ಬ್ಲೀಚ್ ನೀರಾಗ ಅದ್ದಿಟ್ಟು ಸಾಬೂನಿಂದ ತೊಳೀರಿ. ಆದ್ರ ವಿನೆಗರ್ ಉಳಿದ ಗಿಲಾಸನ್ನ ಮೊದಲು ಬರೇ ನೀರಿಂದ ತೊಳದುಕೊಂಡೇ ಬ್ಲೀಚಿಗೆ ಹಾಕ್ರಿ, ಬ್ಲೀಚ್ ಹುಳಿ ಕೂಡಿದ್ರ ಕ್ಲೋರಿನ್ ಗ್ಯಾಸ್ ಬರ್ತದ, ಕಿಡಕಿ ತಗದಿಡ್ರಿ. ಮತ್ತ ಶಹಾಬಾದ್ ಫರಸಿ ಇರೋ ಮನಿಯಾಗಿದ್ರ ಪ್ರಯೋಗ ನೆಲದ ಮ್ಯಾಲ ಮಾಡಬ್ಯಾಡ್ರಿ, ಕೆಳಗ ದಪ್ಪನ ಪ್ಲಾಸ್ಟಿಕ್ ಹಾಸ್ರಿ, ವಿನೆಗರ್ ಒಂದು ಹನಿ ಬಿದ್ರೂ ಆ ಕಲ್ಲಿನ ಮ್ಯಾಲ ಸಣ್ಣ ಗುಳ್ಳಿ ಎದ್ದು ಹೊಳಪು ಹೋಗಿ ಕಲಿ ಉಳೀತದ, ತಿಕ್ಕಿದ್ರೂ ಹೋಗಂಗಿಲ್ಲ.